ಅಪ್ಪನ ಉಸಿರಿನ ಲೆಕ್ಕ

ನಮ್ಮ ಕಡೆ ಗೊರಕೆಗೊಂದು ಮರ್ಯಾದೆಯಿತ್ತು. ಯಜಮಾನರು ಗಾಢ ನಿದ್ದೆಯಲ್ಲಿದ್ದಾರೆ, ಸದ್ದು ಮಾಡಬೇಡಿ ಎನ್ನುತ್ತಿದ್ದರು. ಆ ಗೊರಕೆಯ ನಡುವೆ ಉಸಿರು ಹತ್ತು ಸೆಕೆಂಡೋ ಇನ್ನೂ ಹೆಚ್ಚೋ ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಬಿದ್ದು ಮೈಯನ್ನು ಅರೆಎಚ್ಚರಕ್ಕೆ ಎಳೆಯುತ್ತದೆ ಎಂಬುದು ಈಗ ಗೊತ್ತು. ಉಸಿರು ನಿಲ್ಲುವುದು, ಕ್ಷೀಣಿಸುವುದು ಗಂಟೆಗೆ 30 ಸಲ ಮುಟ್ಟಿದರೆ ಅದು ತೀವ್ರ ಸ್ಲೀಪ್ ಆಪ್ನಿಯಾ. ಮಲಗಿದವರಿಗೆ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಪಕ್ಕದಲ್ಲಿ ಎಚ್ಚರವಿದ್ದ ಅಮ್ಮನಿಗೆ ಎಲ್ಲ ಗೊತ್ತು. ಅವರನ್ನು ಕೇಳುವವರು ಕಡಿಮೆ.

ಇದಕ್ಕೆ ಮದ್ದು ಸಿಪ್ಯಾಪ್: ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲ ದಾರಿ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುವ ಯಂತ್ರ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ವೈದ್ಯಲೋಕದ ಮುಂದಿಟ್ಟರು. ಇಂದಿನ ಹಲವು ಯಂತ್ರಗಳು ರಾತ್ರಿಯ ಲೆಕ್ಕವನ್ನು ಮೊಬೈಲಿಗೆ ಕಳಿಸುತ್ತವೆ. ಅಂದರೆ ಹಾಸನದಲ್ಲಿ ಮಲಗಿದ ಅಪ್ಪ ಎಷ್ಟು ಹೊತ್ತಿಗೆ ಮುಖವಾಡ ಕಿತ್ತೆಸೆದರು ಎಂಬುದು ಪುಣೆಯ ಮಗನಿಗೆ ಕಾಫಿ ಕುಡಿಯುವಷ್ಟರಲ್ಲಿ ತಿಳಿದಿರುತ್ತದೆ. 'ಏನಪ್ಪಾ, ರಾತ್ರಿ ಎರಡೇ ಗಂಟೆ ಹಾಕಿಕೊಂಡಿದ್ದೀರಿ?' ಬೈದು ಸೋತ ಮೇಲೆ ಕೊನೆಯ ಅಸ್ತ್ರ: 'ಹಾಕಿಕೊಳ್ಳದಿದ್ರೆ ಮರೆವಿನ ಕಾಯಿಲೆ ಬರುತ್ತೆ, ನಮ್ಮನ್ನೇ ಗುರುತು ಹಿಡಿಯಲ್ಲ ನೀವು.'

ಈ ಹೆದರಿಕೆ ಎಷ್ಟು ನಿಜ? 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಸರಾಸರಿ 82 ವರ್ಷದ 298 ಮಹಿಳೆಯರನ್ನು ಸುಮಾರು ಐದು ವರ್ಷ ಗಮನಿಸಿತು. ನಿದ್ದೆಯಲ್ಲಿ ಉಸಿರಿನ ತೊಂದರೆ ಇದ್ದವರಲ್ಲಿ ನೂರಕ್ಕೆ ಸುಮಾರು 45 ಜನರಿಗೆ ಬುದ್ಧಿಶಕ್ತಿ ಕುಂದಿತು. ಇಲ್ಲದವರಲ್ಲಿ 31 ಜನರಿಗೆ. ನಂಟು ಇದೆ, ನಿಜ. ಆದರೆ ಯಂತ್ರ ಹಾಕಿದರೆ ಆ ಕುಸಿತ ತಪ್ಪುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಿಜವಾದ ಯಂತ್ರಕ್ಕೂ ತೋರಿಕೆಯ ಯಂತ್ರಕ್ಕೂ ಆರು ತಿಂಗಳ ನಂತರ ಬುದ್ಧಿಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಗಲಿನ ತೂಕಡಿಕೆ ಮಾತ್ರ ಕಡಿಮೆಯಾಯಿತು. ಅವರೆಲ್ಲ ಹೆಚ್ಚಾಗಿ ನಡುವಯಸ್ಸಿನವರು, ಆರು ತಿಂಗಳು ಸಣ್ಣ ಅವಧಿ ಎಂದು ವಾದಿಸಬಹುದು. ವಾದಿಸಬಹುದೇ ಹೊರತು, ಅಪ್ಪನಿಗೆ ಮಾತು ಕೊಡುವಷ್ಟು ಬಲ ಅದರಲ್ಲಿಲ್ಲ.

ಒಳ್ಳೆಯದಕ್ಕೆ ಹೇಳಿದ್ದು, ಸ್ವಲ್ಪ ಉಪ್ಪುಖಾರ ಹಚ್ಚಿದರೇನು ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅವರ ವಿವೇಕ ಉಳಿಯಲಿ ಎಂದೇ ಯಂತ್ರ ತಂದಿದ್ದೇವೆ. ಅದೇ ವಿವೇಕವನ್ನು ಬಳಸುವ ಅವಕಾಶವನ್ನು ಹೆದರಿಸಿ ಕಿತ್ತುಕೊಳ್ಳುತ್ತೇವೆ. ಹೆದರಿಕೆಯಲ್ಲಿ ನಮ್ಮ ಪಾಲೂ ಇದೆ. ಅಪ್ಪನಿಗೆ ಮರೆವು ಬಂದರೆ ರಜೆ ಹಾಕಿ ಊರಿಗೆ ಓಡಬೇಕಾದವರು ಯಾರು? ಅದನ್ನು ಬಾಯಿಬಿಟ್ಟು ಹೇಳುವುದು ಮರ್ಯಾದೆಯ ಮಾತು: 'ನಾನು ದೂರದಲ್ಲಿದ್ದೀನಿ, ನನಗೆ ಭಯ ಆಗುತ್ತೆ.'

ತೂಕಡಿಸುತ್ತಲೇ ಸ್ಕೂಟರಿನಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಹೋಗುವವರ ಮಾತು ಬೇರೆ. ಅಲ್ಲಿ ಕೀಲಿಕೈ ಕೇಳಿ ಪಡೆಯಬೇಕಾಗುತ್ತದೆ. ಮರೆವು ಈಗಾಗಲೇ ಶುರುವಾಗಿದ್ದರೂ ನಿರ್ಧಾರದ ಭಾರ ನಿಧಾನವಾಗಿ ಮನೆಯವರ ಕಡೆಗೆ ಸರಿಯುತ್ತದೆ. ಉಳಿದವರಿಗೆ, ತೂಕಡಿಕೆ ಕಡಿಮೆಯಾಗುವುದು ಬಹುಮಟ್ಟಿಗೆ ಖಚಿತ, ಮೆದುಳಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಮುಖವಾಡ ಒಗ್ಗದಿದ್ದರೆ ಅಳತೆ ಬದಲಿಸಬಹುದು ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಒಂದು ತಿಂಗಳು ನೋಡೋಣವೇ ಎಂದು ಕೇಳಬಹುದು. ಮೊಬೈಲಿನಲ್ಲಿ ಲೆಕ್ಕ ನೋಡಲು ಅವರ ಒಪ್ಪಿಗೆಯನ್ನೂ ಅದೇ ಹೊತ್ತಿಗೆ ಕೇಳಬೇಕು. ಅವರು ಬೇಡ ಎನ್ನಲೂಬಹುದು.