ಕುಂಯ್ ಎಂದದ್ದು ಯಾವುದು

ಜುಲೈ ತಿಂಗಳಲ್ಲಿ ನಮ್ಮ ಸಾಗರದ ಕಡೆ ಬೆಳಗ್ಗೆ ಕಾರು ಸ್ಟಾರ್ಟ್ ಮಾಡುವುದೆಂದರೆ ಹಸಿ ಸೌದೆಯಲ್ಲಿ ಒಲೆ ಹಚ್ಚಿದ ಹಾಗೆ. ಊದುಕೊಳವೆಯಲ್ಲಿ ಎಷ್ಟು ಊದಬೇಕು, ಯಾವಾಗ ಸುಮ್ಮನಾಗಬೇಕು ಎಂಬುದು ಅಮ್ಮನಿಗೆ ಗೊತ್ತಿತ್ತು. ಚೋಕ್ ಎಷ್ಟು ಎಳೆಯಬೇಕು, ಯಾವಾಗ ಒಳಗೆ ತಳ್ಳಬೇಕು ಎಂಬುದು ನನ್ನ ಕೈಗೆ ಗೊತ್ತಿದೆ. ಹೆಚ್ಚು ಎಳೆದರೆ ಪ್ಲಗ್ ಒದ್ದೆಯಾಗಿ ಪೆಟ್ರೋಲಿನ ವಾಸನೆ ಹೊಡೆಯುತ್ತದೆ, ಆಮೇಲೆ ಹತ್ತು ನಿಮಿಷ ಬಾನೆಟ್ ಎತ್ತಿಟ್ಟು ಕಾಯಬೇಕು. ಸರಿಯಾಗಿ ಎಳೆದರೆ ಎರಡು ಸಲ ಕೆಮ್ಮಿ ಹಿಡಿದುಕೊಳ್ಳುತ್ತದೆ. ಮೂರೇ ಸಿಲಿಂಡರಿನ ಎಂಜಿನ್ ನಿಂತಲ್ಲೇ ಸ್ವಲ್ಪ ನಡುಗುತ್ತದೆ. ಅದರ ಜೊತೆ ಕನ್ನಡಿ ನಡುಗುತ್ತದೆ, ಕನ್ನಡಿಯೊಳಗೆ ನಮ್ಮ ಮನೆಯ ಹೆಂಚೂ ನಡುಗುತ್ತದೆ.

ನನ್ನದು 1997ರ ಮಾರುತಿ 800. ಕಾರ್ಬೊರೇಟರ್ ಇರುವ, ಪವರ್ ಸ್ಟಿಯರಿಂಗ್ ಇಲ್ಲದ, ನಾಲ್ಕು ಗೇರಿನ ಗಾಡಿ. ಎಂಜಿನ್ 796 ಸಿ.ಸಿ. ಚಕ್ರಗಳು ಹನ್ನೆರಡು ಇಂಚಿನವು. ಇಡೀ ಕಾರಿನ ತೂಕ ಸುಮಾರು ಆರೂವರೆ ಕ್ವಿಂಟಲ್. ನಮ್ಮೂರಿನ ಅಡಿಕೆ ಮಂಡಿಯ ಲೆಕ್ಕದಲ್ಲಿ ಹತ್ತು ಚೀಲ ಆದೀತು. ಇಷ್ಟು ಹಗುರ ಆಗಿರುವುದರಿಂದಲೇ ಅದು ಇಪ್ಪತ್ತು ವರ್ಷದಿಂದ ನನ್ನಂಥ ಹೈಸ್ಕೂಲ್ ಮೇಷ್ಟ್ರ ಸಂಬಳಕ್ಕೂ ಈಗ ಪಿಂಚಣಿಗೂ ಭಾರವಾಗದೆ ನಡೆದಿದೆ. ಹಾಗಂತ ಹೊನ್ನಾವರದಿಂದ ಬರುವಾಗ ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ತೆಂಗಿನಕಾಯಿ ತುಂಬಿಕೊಂಡು ಗೇರುಸೊಪ್ಪೆ ಘಾಟಿ ಹತ್ತಿ ನೋಡಿ. ಎರಡನೇ ಗೇರಿನಿಂದ ಮೇಲೆ ಹೋಗಲು ಅದು ಒಪ್ಪುವುದಿಲ್ಲ. ಹಿಂದಿನ ಬಸ್ಸಿನವನು ಹಾರನ್ ಒತ್ತಿದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ. ಚಿಕ್ಕ ಕಾರು ಇಟ್ಟುಕೊಂಡವನಿಗೆ ದಾರಿ ಬಿಡುವುದು ತಾನಾಗಿಯೇ ರೂಢಿಯಾಗುತ್ತದೆ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಈ ಕಾರಿನ ಮೊದಲ ಕೀಲಿಕೈಯನ್ನು ದೆಹಲಿಯ ಹರಪಾಲ್ ಸಿಂಗ್ ಅವರ ಕೈಗಿಟ್ಟರು. ಅವರು ವಿಮಾನ ಸಂಸ್ಥೆಯೊಂದರ ನೌಕರರು. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರನ್ನು ಮಾರಲಿಲ್ಲ. ಆಮೇಲೆ ಅದು ಮನೆಯೆದುರು ಮಳೆಬಿಸಿಲಿಗೆ ತುಕ್ಕು ಹಿಡಿದು ನಿಂತಿದ್ದ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ನೋಡಿದಾಗ ನನಗೆ ಇತಿಹಾಸ ಗಿತಿಹಾಸ ನೆನಪಾಗಲಿಲ್ಲ. ಎದ್ದು ಹೋಗಿ ನನ್ನ ಕಾರಿನ ಮ್ಯಾಟ್ ಎತ್ತಿ ನೋಡಿದೆ. ಮಲೆನಾಡಿನ ಕಾರಿಗೆ ಸಾವು ಎಂಜಿನ್ನಿನಿಂದ ಬರುವುದಿಲ್ಲ, ಕಾಲಡಿಯಿಂದ ಬರುತ್ತದೆ. ಒದ್ದೆ ಚಪ್ಪಲಿಯ ನೀರು ಮ್ಯಾಟಿನಡಿ ಇಳಿದು ಮಳೆಗಾಲ ಪೂರ್ತಿ ಅಲ್ಲೇ ಕೂತಿರುತ್ತದೆ. ನನ್ನ ಕಾರಿನಲ್ಲಿ ಆಗಲೇ ಬ್ರೇಕ್ ಪೆಡಲ್ ಹತ್ತಿರ ಎಂಟಾಣೆ ಅಗಲದ ತೂತು ಬಿದ್ದಿತ್ತು, ಅದರೊಳಗಿಂದ ಅಂಗಳದ ಗರಿಕೆ ಕಾಣುತ್ತಿತ್ತು. ಟಿಂಕರಿಂಗ್‌ನವನು ತಗಡು ಕತ್ತರಿಸಿ ತೇಪೆ ಹಾಕಿಕೊಟ್ಟ. ಈಗ ಅಂಥವು ಐದಿವೆ.

ಎಫ್.ಸಿ. ಕಥೆ ಬೇರೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣ ಆಗಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. ನನ್ನ ಸರದಿ ಬಂದದ್ದು ಅದೇ ವರ್ಷ ಮೇ ತಿಂಗಳಲ್ಲಿ. ಮಾರ್ಚಿನಲ್ಲೇ ಹೋಗಿ ಅರ್ಜಿ ಕೊಡಬಹುದಿತ್ತು. ಅಡಿಕೆ ಕೊಯ್ಲಿನ ನೆಪ ಹೇಳಿಕೊಂಡು ಕೂತೆ.

ಈ ಕಾರಿನ ತಗಡು ತೆಳು. ಎದುರಿಗೆ ಲಾರಿ ನುಗ್ಗಿ ಬಂದಾಗ ಅದರ ಬಗ್ಗೆ ನನಗೆ ಯಾವ ಭ್ರಮೆಯೂ ಉಳಿಯುವುದಿಲ್ಲ. ಏರ್‌ಬ್ಯಾಗ್ ಇಲ್ಲ, ಎ.ಬಿ.ಎಸ್. ಇಲ್ಲ. ಅಕ್ಕನ ಮಗನ ಹೊಸ ಕಾರಿನಲ್ಲಿ ಎಲ್ಲವೂ ಇವೆ, ಅವನ ಮಕ್ಕಳು ಅದರಲ್ಲೇ ಓಡಾಡುವುದು ಸರಿ. ಆದರೆ ಅವನ ಕಾರಿನೊಳಗೆ ಕೂತರೆ ಹೊರಗಿನದು ಏನೂ ಕೇಳುವುದಿಲ್ಲ. ಏನಾದರೂ ಹೆಚ್ಚುಕಡಿಮೆ ಆದರೆ ಎದುರಿಗೊಂದು ಹಳದಿ ದೀಪ ಹತ್ತುತ್ತದೆ, ಅವನು ಫೋನ್ ಮಾಡುತ್ತಾನೆ, ಯಾರೋ ಬಂದು ಒಯ್ಯುತ್ತಾರೆ. ನನ್ನದರಲ್ಲಿ ಎಲ್ಲವೂ ಕೇಳುತ್ತದೆ. ಮಡ್‌ಗಾರ್ಡಿಗೆ ಜಲ್ಲಿ ಬಡಿದದ್ದು, ಸೈಲೆನ್ಸರಿನ ಕ್ಲ್ಯಾಂಪ್ ಸಡಿಲಾದದ್ದು, ಕ್ಲಚ್ ಕೇಬಲ್ ತುಂಡಾಗುವ ಒಂದು ವಾರ ಮೊದಲಿನ ಕಿರ್ರ್ ಎಂಬ ನರಳಾಟ. ಕಾರಿನ ಒಡೆಯ ಅಂತ ಆರ್.ಸಿ. ಪುಸ್ತಕದಲ್ಲಿ ಹೆಸರಿರುವುದು ಬೇರೆ. ಒಂದೊಂದು ಸದ್ದಿಗೂ ಕಾರಣ ತಿಳಿದಿರುವುದು ಬೇರೆ. ಎರಡನೆಯದೇ ನನಗೆ ಒಡೆತನ ಅನ್ನಿಸುತ್ತ ಬಂದಿದೆ.

ಹಾಗಾಗಿ ಹೋದ ವರ್ಷ ಮಳೆ ಶುರುವಾದಾಗ ಹೆಂಡತಿ, “ಎಂತದೋ ಕುಂಯ್ ಅಂತಿದೆ, ಕೇಳಲ್ವಾ ನಿಮಗೆ?” ಅಂದಾಗ ನಾನು ಮಾತಾಡಲಿಲ್ಲ. ಕೇಳಿರಲಿಲ್ಲ.

ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡು ಕಾಲ ಕಳೆದೆವು. ಎಡಗಿವಿಯ ತಮಟೆಯಲ್ಲಿ ಅಂದು ಬಿದ್ದ ತೂತು ಹಾಗೇ ಇದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಈಗ ಬಲಗಿವಿಗೂ ವಯಸ್ಸಾಗಿದೆ. ಡಾಕ್ಟರು ಕವಲು ಕಡ್ಡಿಯೊಂದನ್ನು ಮೀಟಿ ಎಡಗಿವಿಯ ಎದುರು ಹಿಡಿದರು, ಅಷ್ಟಾಗಿ ಕೇಳಲಿಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ದೇವಸ್ಥಾನದ ಜಾಗಟೆ ತಲೆಯೊಳಗೇ ಬಾರಿಸಿದ ಹಾಗಾಯಿತು. ಗಾಳಿಯ ದಾರಿ ಕೆಟ್ಟಿದೆ, ಮೂಳೆಯ ದಾರಿ ಸರಿಯಿದೆ ಅಂದರು.

ಕಾರನ್ನು ಮೇಸ್ತ್ರಿ ಹತ್ತಿರ ಒಯ್ದೆ. ಅವರು ಮೇಸ್ತ್ರಿ, ನಾನು ಮೇಷ್ಟ್ರು. ಇಬ್ಬರಿಗೂ ಅರವತ್ತು ದಾಟಿದೆ. ಅವರ ಶೆಡ್ಡಿನಲ್ಲಿ ಕಂಪ್ಯೂಟರ್ ಇಲ್ಲ, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹಲಸಿನ ಮರ, ನಾಲ್ಕು ಜಿಂಕ್ ಶೀಟು. ಅವರು ಬಾನೆಟ್ ಎತ್ತಿ, ಎಂಜಿನ್ ಓಡಿಸಿ, ಮೊಳದುದ್ದದ ಸ್ಕ್ರೂಡ್ರೈವರ್ ತೆಗೆದರು. ಅದರ ಮೊನೆಯನ್ನು ಆಲ್ಟರ್ನೇಟರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟು ಕಣ್ಣು ಮುಚ್ಚಿದರು. ಆಮೇಲೆ ವಾಟರ್ ಪಂಪಿನ ಮೇಲಿಟ್ಟು ಮತ್ತೆ ಕಣ್ಣು ಮುಚ್ಚಿದರು. ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟು. ಹೊರಗೆ ನಿಂತು ಕೇಳಿದರೆ ಕುಂಯ್ ಎನ್ನುವುದು ಯಾವುದರ ಬೇರಿಂಗು ಎಂದು ತಿಳಿಯುವುದಿಲ್ಲ.

“ನನಗೂ ಕೊಡಿ ಸ್ವಲ್ಪ,” ಅಂದೆ.

“ಬೆಲ್ಟಿನ ಹತ್ತಿರ ಕೈ ತರಬೇಡಿ ಮೇಷ್ಟ್ರೇ,” ಎನ್ನುತ್ತ ಅವರೇ ಮೊನೆಯನ್ನು ಆಲ್ಟರ್ನೇಟರಿನ ಮೇಲೆ ಹಿಡಿದುಕೊಂಡರು. ನಾನು ಬಗ್ಗಿ ಹಿಡಿಯನ್ನು ಎಡಗಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡೆ. ಗ್ರೀಸಿನ ವಾಸನೆ, ಮರದ ಹಿಡಿಯ ಬಿಸುಪು. ತುಂಬಾ ವರ್ಷಗಳಿಂದ ಬರೀ ಅಲಂಕಾರಕ್ಕಿದ್ದ ಕಿವಿ ಅದು. ಅದರೊಳಗೆ ಗುಂಯ್ ಎಂದು ನುಣ್ಣಗೆ, ಜೇನುಪೆಟ್ಟಿಗೆಗೆ ಕಿವಿಯಿಟ್ಟ ಹಾಗೆ, ಕೇಳಿಸಿತು. ಅವರು ಮೊನೆಯನ್ನು ಪಂಪಿಗೆ ಸರಿಸಿದರು. ಬೀಸುವ ಕಲ್ಲಿನಲ್ಲಿ ಅಕ್ಕಿಯ ಜೊತೆ ಮರಳು ಸೇರಿದ ಸದ್ದು.

“ಯಾವುದು?” ಎಂದರು ಮೇಸ್ತ್ರಿ.

“ಪಂಪು.”

ಅವರು ಎಂಜಿನ್ ಆಫ್ ಮಾಡಿ, ಹುಡುಗನಿಗೆ ಹನ್ನೆರಡನೇ ನಂಬರ್ ಸ್ಪ್ಯಾನರ್ ತರಲು ಹೇಳಿದರು.