ಮನೆಯೇ ಬಂಕಾದ ಮೇಲೆ

ಪೆಟ್ರೋಲ್ ಬಂಕಿನಲ್ಲಿ ನಮಗೆ ಯಾವ ಯೋಚನೆಯೂ ಇರುವುದಿಲ್ಲ. ಗಾಡಿ ನಿಲ್ಲಿಸಿ, ಮುಚ್ಚಳ ತೆಗೆದು, ‘ಇನ್ನೂರಕ್ಕೆ ಹಾಕಪ್ಪ’ ಅಂದರೆ ಆಯಿತು. ಆ ಜಾಗಕ್ಕೆ 1934ರ ಪೆಟ್ರೋಲಿಯಂ ಕಾಯ್ದೆಯಡಿ ಲೈಸೆನ್ಸ್ ಬೇಕು. ಟ್ಯಾಂಕು ನೆಲದಡಿ ಇರಬೇಕು. ಮರಳು ತುಂಬಿದ ಕೆಂಪು ಬಕೆಟ್ಟುಗಳು ಸಾಲಾಗಿ ತೂಗುತ್ತಿರಬೇಕು. ಬೀಡಿ ಹಚ್ಚಿಕೊಂಡು ಬಂದವನನ್ನು ಬಂಕಿನ ಹುಡುಗ ಗದರಿಸಿ ಆಚೆ ಕಳಿಸುತ್ತಾನೆ. ಇದೆಲ್ಲ ನಮ್ಮ ಪರವಾಗಿ ಬೇರೆಯವರು ವಹಿಸಿಕೊಂಡ ಎಚ್ಚರ. ವಿದ್ಯುತ್ ಗಾಡಿ ಕೊಂಡ ದಿನ ಆ ಬಂಕು ಮನೆಯೊಳಗೆ ಬಂದು ಕೂರುತ್ತದೆ. ಎಚ್ಚರ ತಾನಾಗಿ ಹಿಂದೆ ಬರುವುದಿಲ್ಲ.

ವಿದೇಶದಿಂದ ತರಿಸಿದ ಎಲೆಕ್ಟ್ರಿಕ್ ಡರ್ಟ್ ಬೈಕಿನ ವಿಷಯದಲ್ಲಂತೂ ಈ ಮಾತು ಇನ್ನೂ ನಿಜ. ಕಾಫಿ ಸೀಮೆಯ ತೋಟಗಳಲ್ಲಿ, ಬೆಂಗಳೂರಿನ ಹೊರವಲಯದ ಮಣ್ಣಿನ ಟ್ರ್ಯಾಕುಗಳಲ್ಲಿ ಇಂಥ ಗಾಡಿಯ ಆಸೆ ಹೊತ್ತ ಹುಡುಗರಿದ್ದಾರೆ. ಆಸೆಗೆ ಕಾರಣವೂ ಇದೆ. ಚೀನಾದ ಚಾಂಗ್‌ಚಿಂಗ್‌ನಲ್ಲಿ ಹುಟ್ಟಿದ ಸರ್‌ರಾನ್ ಲೈಟ್ ಬೀ ಬೈಕಿನ ತೂಕ 50 ಕಿಲೋ ಆಸುಪಾಸು. ಕ್ಲಚ್ಚಿಲ್ಲ, ಗೇರಿಲ್ಲ, ಸೈಲೆನ್ಸರಿನ ಅಬ್ಬರವಿಲ್ಲ; ತೋಟದೊಳಗೆ ಓಡಿಸಿದರೆ ಹಿತ್ತಲಲ್ಲಿ ಕಟ್ಟಿದ ದನವೂ ಬೆದರುವುದಿಲ್ಲ. ಸ್ಪೇನಿನ ಬಾರ್ಸಿಲೋನಾದವರು 2021ರಲ್ಲಿ ತೋರಿಸಿದ ಸ್ಟಾರ್ಕ್ ವಾರ್ಗ್ ಬೈಕಿನ ಬಲ 80 ಅಶ್ವಶಕ್ತಿ. ಇಂಥ ಗಾಡಿ ತರಿಸುವ ಹುಡುಗ ಮೋಟಾರಿನ ಬಲ, ಸಸ್ಪೆನ್ಷನ್ನು, ಟೈರಿನ ಗುಬಟು ಎಲ್ಲವನ್ನೂ ಬಾಯಿಪಾಠ ಹೇಳುತ್ತಾನೆ. ‘ಚಾರ್ಜಿಗೆ ಎಲ್ಲಿ ಹಾಕುತ್ತೀಯ?’ ಎಂದರೆ ಗೋಡೆಯತ್ತ ಕೈ ತೋರಿಸುತ್ತಾನೆ.

ಷೋರೂಮಿನಿಂದ ಬರುವ ನಮ್ಮ ವಿದ್ಯುತ್ ಸ್ಕೂಟರು ಹಲವು ಬಾಗಿಲು ದಾಟಿ ಬಂದಿರುತ್ತದೆ. 2022ರ ಬೇಸಿಗೆಯಲ್ಲಿ ಊರೂರಲ್ಲಿ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಎಐಎಸ್–156 ಎಂಬ ಬ್ಯಾಟರಿ ನಿಯಮವನ್ನು ಬಿಗಿ ಮಾಡಿತು. ಅದರ ಮೊದಲ ಹಂತ ಆ ವರ್ಷದ ಡಿಸೆಂಬರಿನಲ್ಲಿ, ಎರಡನೇ ಹಂತ 2023ರ ಮಾರ್ಚ್ ಕೊನೆಯಲ್ಲಿ ಜಾರಿಗೆ ಬಂತು. ಬ್ಯಾಟರಿಯ ಬಿಸಿ ಅಳೆಯುವ ಸೆನ್ಸರುಗಳು, ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಏರ್ಪಾಟು, ಒಳಗೆ ಅನಾಹುತ ಶುರುವಾದರೆ ಸವಾರನಿಗೆ ಮುನ್ಸೂಚನೆ, ಇವೆಲ್ಲ ಅದರಲ್ಲಿವೆ. ಖಾಸಗಿಯಾಗಿ ತರಿಸಿದ ಡರ್ಟ್ ಬೈಕು ಈ ಪರೀಕ್ಷೆಗೆ ಕೂತಿರುವುದಿಲ್ಲ. 250 ವ್ಯಾಟ್ ಬಲ, ಗಂಟೆಗೆ 25 ಕಿಲೋಮೀಟರ್ ವೇಗದೊಳಗಿನ ಸಣ್ಣ ಗಾಡಿಗಳಿಗಿರುವ ರಿಯಾಯಿತಿಯೂ ಇದಕ್ಕೆ ಸಲ್ಲುವುದಿಲ್ಲ. ನೋಂದಣಿ ಇಲ್ಲದ ಕಾರಣ ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಸ್ವಂತ ತೋಟ, ಸ್ವಂತ ಮಣ್ಣು, ಸ್ವಂತ ಪ್ಲಗ್ಗು. ತಪಾಸಣೆ ಮಾಡುವವರು ಯಾರೂ ಇಲ್ಲವೆಂದ ಮೇಲೆ ಆ ಕೆಲಸ ಮನೆಯ ಯಜಮಾನನದೇ.

ಈ ಬ್ಯಾಟರಿಯನ್ನು ಜಗತ್ತು ಎಷ್ಟು ಭಯಭಕ್ತಿಯಿಂದ ಕಾಣುತ್ತದೆ ಎಂಬುದಕ್ಕೆ ವಿಮಾನದ ನಿಯಮ ನೋಡಿದರೆ ಸಾಕು. ಪ್ರಯಾಣಿಕ ತನ್ನ ಜೊತೆ 100 ವ್ಯಾಟ್–ಅವರ್ ತನಕದ ಬ್ಯಾಟರಿ ಒಯ್ಯಬಹುದು. ಏರ್‌ಲೈನ್ಸ್ ಒಪ್ಪಿದರೆ 160. ಲೈಟ್ ಬೀಯ ಹಳೆಯ ಮಾದರಿಯ ಬ್ಯಾಟರಿ 60 ವೋಲ್ಟ್, 32 ಆಂಪಿಯರ್–ಅವರ್. ಗುಣಿಸಿದರೆ 1,920 ವ್ಯಾಟ್–ಅವರ್. 2016ರ ಏಪ್ರಿಲ್‌ನಿಂದ ಪ್ರಯಾಣಿಕ ವಿಮಾನದ ಸರಕಿನಲ್ಲೂ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗೆ ಜಾಗವಿಲ್ಲ. ಸರಕು ವಿಮಾನದಲ್ಲಿ ಕಳಿಸುವಾಗಲೂ ಚಾರ್ಜು ಶೇಕಡಾ 30 ಮೀರಬಾರದು. ಆಕಾಶದಲ್ಲಿ ಇಷ್ಟೆಲ್ಲ ಕಟ್ಟುಪಾಡಿನಲ್ಲಿ ಬಂದ ಪದಾರ್ಥ ನಮ್ಮ ಮನೆಯ ಪಡಸಾಲೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ನೂರಕ್ಕೆ ನೂರು ತುಂಬಿಕೊಂಡು ಕೂತಿರುತ್ತದೆ.

ಬ್ಯಾಟರಿಯನ್ನು ಸೂಟ್‌ಕೇಸಿನಲ್ಲಿ ತರಲಾಗದಿದ್ದರೂ ಚಾರ್ಜರನ್ನು ತರಬಹುದು. ಅಮೆರಿಕದಲ್ಲಿರುವ ಅಕ್ಕನ ಮಗನೋ ಸ್ನೇಹಿತನೋ ತಂದುಕೊಟ್ಟ ಚಾರ್ಜರಿನಿಂದಲೇ ಎಷ್ಟೋ ಸಲ ತಾಪತ್ರಯ ಶುರು. ಅಲ್ಲಿನ ಮನೆಗಳ ಕರೆಂಟು 120 ವೋಲ್ಟ್, ನಮ್ಮದು 230. ಚಾರ್ಜರಿನ ಹೊಟ್ಟೆಯ ಮೇಲೆ ಸಣ್ಣ ಅಕ್ಷರದ ಚೀಟಿಯೊಂದು ಅಂಟಿರುತ್ತದೆ. ಅದರಲ್ಲಿ ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ನಿಶ್ಚಿಂತೆ. ಬರೀ 110 ಅಥವಾ 120 ಎಂದಿದ್ದರೆ ಅದನ್ನು ನಮ್ಮ ಗೋಡೆಗೆ ಸಿಕ್ಕಿಸಲೇಬಾರದು. 120 ವೋಲ್ಟಿನ ಕರೆಂಟು ಚಾರ್ಜರೊಳಗೆ ಡಿಸಿ ಆದಾಗ ಸುಮಾರು 170 ವೋಲ್ಟಿಗೆ ಏರುತ್ತದೆ, 230ರದ್ದು 325ಕ್ಕೆ. 200 ವೋಲ್ಟ್ ತಡೆಯಲೆಂದು ಮಾಡಿದ ಕೆಪಾಸಿಟರಿನ ಮೇಲೆ 325 ಬಿದ್ದರೆ ಅದು ಢಬ್ಬೆಂದು ಸಿಡಿಯುತ್ತದೆ. ಕೆಲವು ಚಾರ್ಜರುಗಳ ತಳದಲ್ಲಿ 115, 230 ಎಂದು ಸರಿಸುವ ಪುಟ್ಟ ಕೆಂಪು ಸ್ವಿಚ್ಚಿರುತ್ತದೆ. ಪ್ಲಗ್ಗು ಹಾಕುವ ಮುಂಚೆ ಅದು ಯಾವ ಕಡೆ ಇದೆ ಎಂದು ನೋಡಬೇಕು.

ಅದೇ ಚೀಟಿಯಲ್ಲಿ ಔಟ್‌ಪುಟ್ ಎಂಬ ಸಾಲೂ ಇದೆ. ಒಂದೊಂದು ಸೆಲ್ಲು ತುಂಬಿದಾಗ 4.2 ವೋಲ್ಟ್, 60 ವೋಲ್ಟಿನ ಬ್ಯಾಟರಿಯಲ್ಲಿ ಸಾಲಿಗೆ 16 ಸೆಲ್ಲು, ಒಟ್ಟು 67.2. ಹೆಚ್ಚು ವೇಗದ ಹುಚ್ಚಿಗೆ 72 ವೋಲ್ಟಿನ ಬ್ಯಾಟರಿ ಹಾಕಿಸಿಕೊಳ್ಳುವವರು ಇದ್ದಾರೆ. ಅದರ ಚಾರ್ಜರು 84 ವೋಲ್ಟಿನದು. ಎರಡರ ಪಿನ್ನೂ ಒಂದೇ ಥರ ಇದ್ದು, ಎರಡೂ ಒಂದೇ ಮೊಳೆಗೆ ತೂಗುತ್ತಿದ್ದರೆ, ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುವವರು ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಆ ಒಂದು ಅದಲುಬದಲಿಗೆ ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟು ಒಂದೇ ಅಡ್ಡ. ಅದೂ ಕೈಕೊಟ್ಟರೆ ಸೆಲ್ಲುಗಳು ಹೊಟ್ಟೆ ಬಿರಿಯ ಉಂಡಂತೆ. ಚಾರ್ಜರಿನ ಮೇಲೆ ದಪ್ಪ ಅಕ್ಷರದಲ್ಲಿ ಬಣ್ಣದಿಂದ ಬರೆದಿಡುವುದಕ್ಕೆ ಖರ್ಚೇನೂ ಇಲ್ಲ.

ಮುಂದಿನದು ಗೋಡೆಯ ಕಥೆ. ಸಕಲೇಶಪುರದ ಕಡೆಯ ತೋಟದ ಮನೆಯೊಂದರಲ್ಲಿ ಇಂಥ ಗಾಡಿಗೆ ಜಾಗ ನೋಡಲು ಎಲೆಕ್ಟ್ರಿಷಿಯನ್ ಬಂದಿದ್ದ. ಹೋಲ್ಡರಿಗೆ ಬಲ್ಬು ಹಾಕಿ ಎರಡು ವೈರು ಬಿಟ್ಟ ಟೆಸ್ಟ್ ಲ್ಯಾಂಪು ಅವನ ಕೈಯಲ್ಲಿತ್ತು. ಫೇಸಿಗೂ ನ್ಯೂಟ್ರಲ್ಲಿಗೂ ಹಿಡಿದ. ಬಲ್ಬು ಝಗ್ಗನೆ ಹತ್ತಿತು. ಫೇಸಿಗೂ ಮೇಲಿನ ದೊಡ್ಡ ತೂತಿಗೂ ಹಿಡಿದ, ಕೆಂಪಗೂ ಆಗಲಿಲ್ಲ.

‘ಗೌಡ್ರೇ, ತೂತು ಮೂರಿದೆ. ಮೂರನೇದಕ್ಕೆ ವೈರೇ ಎಳೆದಿಲ್ಲ.’

‘ಅಲ್ಲ ಕಣಪ್ಪ, ಇಷ್ಟು ವರ್ಷ ಇದರಲ್ಲೇ ಗ್ರೈಂಡರು ಓಡಿಲ್ವ?’

‘ಓಡಿದೆ ಗೌಡ್ರೇ. ಓಡೋಕೆ ಅರ್ಥು ಬೇಡ. ಗ್ರೈಂಡರಿನ ಮೈಗೆ ಕರೆಂಟು ಬಂದಾಗ ಬೇಕು.’

ಇಡೀ ಅರ್ಥಿಂಗ್ ಶಾಸ್ತ್ರ ಆ ಒಂದು ಮಾತಿನಲ್ಲಿದೆ. ನಮ್ಮ ತ್ರೀಪಿನ್ನಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಒಳಗೆ ಹೋಗುವಾಗ ಅದೇ ಮೊದಲು ಮುಟ್ಟಬೇಕು, ಹೊರಗೆ ಬರುವಾಗ ಅದೇ ಕೊನೆಗೆ ಬಿಡಬೇಕು ಎಂಬ ಲೆಕ್ಕ. ಚಪ್ಪಟೆ ಕಾಲಿನ ವಿದೇಶಿ ಪ್ಲಗ್ಗಿಗೆ ಅಂಗಡಿಯಲ್ಲಿ ಸಿಗುವ ಅಗ್ಗದ ಅಡಾಪ್ಟರ್ ಹಾಕಿದರೆ ಎಷ್ಟೋ ಸಲ ಈ ಸಂಬಂಧವೇ ಕಡಿದುಹೋಗುತ್ತದೆ. ಅದಕ್ಕಿಂತ ನಮ್ಮದೇ ತ್ರೀಪಿನ್ನಿರುವ ಸರಿಯಾದ ಕೇಬಲ್ ಹಾಕಿಸುವುದು ಮೇಲು. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎರಡೇ ವೈರು ಓಡಿರುತ್ತವೆ. ಅಂಗಳದ ಮೂಲೆಯಲ್ಲಿ ಇದ್ದಿಲು, ಉಪ್ಪು ಹಾಕಿ ಹೂತ ಅರ್ಥ್ ಪೈಪು ಇದ್ದರೂ ಬೇಸಿಗೆಯಲ್ಲಿ ಮಣ್ಣು ಒಣಗಿ ಅದು ನೆಪಕ್ಕಷ್ಟೇ ಇರುತ್ತದೆ. ತುಳಸಿಗೆ ನೀರು ಹಾಕುವವರು ಆ ಗುಂಡಿಗೂ ಒಂದು ಕೊಡ ಹೊಯ್ದರೆ ಒಳ್ಳೆಯದು. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ಕರೆಂಟು ದಾರಿ ತಪ್ಪಿದ ಕ್ಷಣವೇ ಲೈನು ಕಡಿಯುತ್ತದೆ.

ಸಣ್ಣ ಡರ್ಟ್ ಬೈಕಿನ ಚಾರ್ಜರು ನಿಜಕ್ಕೂ ದೊಡ್ಡ ಹೊಟ್ಟೆಬಾಕನಲ್ಲ. 67.2 ವೋಲ್ಟ್, 10 ಆಂಪಿಯರ್ ಕೊಡುವ ಚಾರ್ಜರು ಗೋಡೆಯಿಂದ ಎಳೆಯುವುದು ಮೂರೂಕಾಲು ಆಂಪಿಯರ್ ಹತ್ತಿರ, ಇಸ್ತ್ರಿಪೆಟ್ಟಿಗೆಯಷ್ಟೂ ಅಲ್ಲ. ಆದರೆ ಇಸ್ತ್ರಿ ಹತ್ತು ನಿಮಿಷದ ಕೆಲಸ, ಇದು ಮೂರು ನಾಲ್ಕು ಗಂಟೆಯದು. ಸಡಿಲವಾದ ಸಾಕೆಟ್ಟು ಹತ್ತು ನಿಮಿಷಕ್ಕೆ ಬೆಚ್ಚಗಾದರೆ ನಾಲ್ಕು ಗಂಟೆಗೆ ಕಂದುಗಟ್ಟುತ್ತದೆ. ಮೋಟೋಕ್ರಾಸ್ ದರ್ಜೆಯ ದೊಡ್ಡ ಬೈಕುಗಳ ಚಾರ್ಜರು 3 ಕಿಲೋವ್ಯಾಟ್ ಮೀರುತ್ತದೆ. ಅದಕ್ಕೆ 16 ಆಂಪಿಯರಿನ ಪವರ್ ಪ್ಲಗ್ಗು, ಮೇನ್ ಬೋರ್ಡಿನಿಂದ ನೇರ ಎಳೆದ ದಪ್ಪ ವೈರು, ಅದಕ್ಕೇ ಮೀಸಲಾದ ಎಂಸಿಬಿ ಬೇಕು. ಟಿವಿ, ರೌಟರು, ಮೊಬೈಲು ಎಲ್ಲ ಸಿಕ್ಕಿಸಿದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇದನ್ನೂ ಸೇರಿಸುವುದು ಯಾವ ಕಾಲಕ್ಕೂ ಸಲ್ಲದು.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಲೈಟ್ ಬೀಯ ಬ್ಯಾಟರಿ ಖಾಲಿಯಿಂದ ತುಂಬಲು, ಬಿಸಿಯಾಗಿ ಪೋಲಾಗುವುದೂ ಸೇರಿ, ಎರಡೂಕಾಲು ಯೂನಿಟ್ಟು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ಟಿನ ಗಡಿಯಲ್ಲಿ ತೂಗಾಡುವ ಮನೆಗೆ ಮಾತ್ರ ಇದು ಸಣ್ಣದಲ್ಲ. ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಕರೆಂಟು ಹೋದಾಗ ಯುಪಿಎಸ್ಸಿನಿಂದ ತುಂಬಿಸುವ ಬುದ್ಧಿವಂತಿಕೆಯೂ ನಡೆಯದು. ಮನೆಯ 12 ವೋಲ್ಟ್, 150 ಆಂಪಿಯರ್–ಅವರ್ ಬ್ಯಾಟರಿಯಲ್ಲಿರುವುದು 1,800 ವ್ಯಾಟ್–ಅವರ್. ಬೈಕಿನ ಬ್ಯಾಟರಿ ಅದಕ್ಕಿಂತ ದೊಡ್ಡದು.

ಇನ್ನು ಜಾಗ. ಲಿಥಿಯಂ ಅಯಾನ್ ಬ್ಯಾಟರಿಗೆ ಬೆಂಕಿ ಬೀಳುವುದು ಅಪರೂಪ, ಬಿದ್ದರೆ ಮಾತ್ರ ಕ್ಷಣಗಳ ಆಟ. ಒಂದು ಸೆಲ್ಲು ಕಾದು ಪಕ್ಕದ್ದನ್ನು ಕಾಯಿಸುತ್ತದೆ, ಅದು ಮತ್ತೊಂದನ್ನು. ಬರುವ ಹೊಗೆ ವಿಷ. 2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರು ಹೊತ್ತಿಕೊಂಡಾಗ ತಂದೆ, ಮಗಳು ಸತ್ತದ್ದು ಉಸಿರುಕಟ್ಟಿ. ನ್ಯೂಯಾರ್ಕ್ ನಗರದಲ್ಲಿ 2023ರ ಒಂದೇ ವರ್ಷ ಇಂಥ ಬ್ಯಾಟರಿಗಳ 268 ಬೆಂಕಿ ಅವಘಡಗಳಲ್ಲಿ 18 ಜನ ಸತ್ತರು. ಪ್ರಮಾಣಪತ್ರವಿಲ್ಲದ ಬ್ಯಾಟರಿಯ ಇ–ಬೈಕು ಮಾರಬಾರದೆಂದು ಆ ನಗರ ಅದೇ ವರ್ಷ ಕಾನೂನು ಜಾರಿಗೆ ತಂದಿತು. ಹಾಗಾಗಿ ಮನೆಯಿಂದ ಹೊರಬೀಳುವ ದಾರಿಗೆ ಅಡ್ಡವಾಗಿ, ಮೆಟ್ಟಿಲ ಕೆಳಗೆ, ಮಲಗುವ ಕೋಣೆಯಲ್ಲಿ ಬೈಕನ್ನು ಚಾರ್ಜಿಗೆ ಹಾಕಬಾರದು. ತೋಟದ ಮನೆಯವರಿಗೆ ತಟ್ಟನೆ ಹೊಳೆಯುವ ಜಾಗ ಕಾಫಿ ಗೋಡೌನು. ಒಣಗಿದ ಕಾಫಿ, ಗೋಣಿಚೀಲ, ಮರದ ಅಟ್ಟ ಇರುವ ಅದಂತೂ ಬೇಡವೇ ಬೇಡ. ಮೇಲೆ ಶೀಟು, ಕೆಳಗೆ ಸಿಮೆಂಟು, ಸುತ್ತ ಗಾಳಿ ಇರುವ ಬೇರೆ ಶೆಡ್ಡು ಸಾಕು. ಸುಟ್ಟರೂ ಅದೊಂದೇ ಸುಡಬೇಕು.

ಮಲೆನಾಡಿನವರಿಗೆ ಇನ್ನೂ ಕೆಲವು ಮಾತು. ಕೆಸರಲ್ಲಿ ಓಡಿಸಿ, ಪಂಪಿನ ನೀರು ಬಿಟ್ಟು ತೊಳೆದು, ಪಿನ್ನಿನ ಬಾಯಿ ಒದ್ದೆ ಇರುವಾಗಲೇ ಚಾರ್ಜಿಗೆ ಹಾಕಬಾರದು. ಗುಡ್ಡ ಹತ್ತಿ ಬಂದ ಬ್ಯಾಟರಿ ಒಳಗೆ ಕಾದಿರುತ್ತದೆ. ಅದು ಆರುವ ತನಕ ಕಾಯಬೇಕು. ಅಶ್ವಿನಿ, ಭರಣಿ ಮಳೆಯ ಗುಡುಗು ಶುರುವಾದರೆ ಪ್ಲಗ್ಗು ಕಿತ್ತಿಡಬೇಕು. ಮುಂಗಾರು ಪೂರ್ತಿ ಓಡಿಸದೆ ನಿಲ್ಲಿಸುವುದಾದರೆ ಅರ್ಧದಷ್ಟು ಚಾರ್ಜು ಉಳಿಸಿ ಇಟ್ಟರೆ ಸೆಲ್ಲುಗಳ ಆಯುಸ್ಸು ಹೆಚ್ಚು.

ಡರ್ಟ್ ಬೈಕಿನ ಸುಖವೇ ನಿಯಮದ ಆಚೆ ಇರುವುದರಲ್ಲಿದೆ. ರಸ್ತೆಯಿಲ್ಲ, ಸಿಗ್ನಲ್ಲಿಲ್ಲ, ಕೈ ಅಡ್ಡ ಹಿಡಿಯುವ ಪೊಲೀಸಿಲ್ಲ. ಕರೆಂಟಿಗೆ ಅಂಥ ಬಯಲಿಲ್ಲ. ಅದು ದಾರಿ ಕೇಳಿಯೇ ಕೇಳುತ್ತದೆ. ನಾವು ಹಾಕಿಕೊಡದಿದ್ದರೆ ಮೈಮೇಲೆಯೇ ದಾರಿ ಮಾಡಿಕೊಳ್ಳುತ್ತದೆ. ಹೆಲ್ಮೆಟ್ಟು, ಬೂಟು, ಮೊಣಕಾಲ ಗಾರ್ಡಿಗೆ ಸಾವಿರಾರು ರೂಪಾಯಿ ಸುರಿಯುವ ಹುಡುಗರು ನಮ್ಮಲ್ಲಿದ್ದಾರೆ, ಒಳ್ಳೆಯದೇ. ಅದೇ ಪಟ್ಟಿಗೆ ಅರ್ಥ್ ಪೈಪು, ಆರ್‌ಸಿಸಿಬಿ, ಸರಿಯಾದ ಚಾರ್ಜರು ಸೇರಬೇಕು. ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವನ್ನು ಸವಾರ ತಿಳಿದೇ ಒಪ್ಪಿಕೊಂಡಿರುತ್ತಾನೆ. ಒಳಗೆ ಮಲಗಿರುವ ಅವನ ಅಜ್ಜಿ ಯಾವುದನ್ನೂ ಒಪ್ಪಿಕೊಂಡಿಲ್ಲ. ಆಕೆಗೆ ಆ ಗಾಡಿ ಹೇಗೆ ಓಡುತ್ತದೆಂದೂ ಗೊತ್ತಿಲ್ಲ. ಮನೆಯಲ್ಲಿ ಬಂಕು ಇಟ್ಟವನು ಮೊದಲು ಲೆಕ್ಕ ಕೊಡಬೇಕಾದದ್ದು ಆಕೆಗೆ.