ಶುಕ್ರಾಚಾರ್ಯರ ಪಾತ್ರೆ ಮತ್ತು ನಮ್ಮ ಮಕ್ಕಳು

(ಚಾತುರ್ಮಾಸ್ಯ ಪ್ರವಚನಮಾಲೆಯ ಒಂದು ಉಪನ್ಯಾಸದ ಬರಹರೂಪ)



ಹಿಂದಿನ ಚಾತುರ್ಮಾಸ್ಯದಲ್ಲಿ ಇದೇ ವೇದಿಕೆಯಿಂದ ಮೌಸಲಪರ್ವದ ಪ್ರವಚನ ನಡೆದುದು ತಮ್ಮಲ್ಲಿ ಅನೇಕರಿಗೆ ಸ್ಮರಣೆಯಲ್ಲಿರಬಹುದು. ಯಾದವರ ನಾಶದ ಕಥೆ ಮುಗಿದು, ಮಂಗಳಾರತಿಯಾಗಿ, ಜನರೆಲ್ಲ ಚದುರಿದ ಮೇಲೆ ಒಬ್ಬ ತರುಣನು ಕಂಬದ ಬಳಿ ನಿಂತೇ ಇದ್ದನು. ನಮ್ಮವರ ಮನೆಯ ಹುಡುಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಮೆಲ್ಲನೆ ಹತ್ತಿರ ಬಂದು, "ಆಚಾರ್ಯರೇ, ನಾನು ಕುಡಿದವನು. ಕುಡಿದ ಬಾಯಲ್ಲಿ ಗಾಯತ್ರಿ ಹೇಳಬಾರದೆಂದು ಎರಡು ವರ್ಷದಿಂದ ಸಂಧ್ಯಾವಂದನೆಯನ್ನೇ ಬಿಟ್ಟಿದ್ದೇನೆ. ಇನ್ನು ನನಗೆ ದಾರಿ ಉಂಟೇ?" ಎಂದು ಕೇಳಿದನು.

ನಾನು ಏನು ಹೇಳಿದೆನೆಂಬುದನ್ನು ಮುಚ್ಚಿಡಲಾರೆ. ಸುರಾಪಾನವು ಪಂಚಮಹಾಪಾತಕಗಳಲ್ಲಿ ಒಂದೆಂದೂ, ಬ್ರಹ್ಮಹತ್ಯೆಯ ಪಂಕ್ತಿಯಲ್ಲೇ ಅದನ್ನು ಎಣಿಸಿದ್ದಾರೆಂದೂ ಸ್ಮೃತಿಯ ತೀರ್ಪನ್ನು ಗಡುಸಾಗಿ ನುಡಿದು, ಶಲ್ಯ ಹೊದ್ದು ಹೊರಟುಬಿಟ್ಟೆನು. ಹೇಳಿದುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅದು ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಕಂಬದ ಬಳಿ ನಿಂತಿದ್ದನು. ಮರುದಿನ ಅವನು ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಅವನ ತಾಯಿ ಬಂದು, ಮಗ ಹಬ್ಬಕ್ಕೂ ಮನೆಗೆ ಬರಲಿಲ್ಲವೆಂದು ಸೆರಗಿನಿಂದ ಕಣ್ಣೊರೆಸಿಕೊಂಡಾಗ, ನಾನು ಮಾಡಿದ್ದೇನೆಂಬುದು ನನಗೆ ಅರಿವಾಯಿತು. ಅಂದು ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ತಮ್ಮೆಲ್ಲರ ಎದುರಿಗೆ ಹೇಳುತ್ತಿದ್ದೇನೆ.

ಮೊದಲು ನಮ್ಮ ಮನೆಗಳ ಸ್ಥಿತಿಯನ್ನು ನೋಡೋಣ. ಮದ್ಯವೆಂದರೆ ಊರ ಹೊರಗಿನ ಸಾರಾಯಿ ಅಂಗಡಿ, ಅದು ಬೇರೆ ಯಾರದೋ ದುಃಖ ಎಂದು ನಾವು ಬಹುಕಾಲ ನಂಬಿದ್ದೆವು. ಆ ಸಾರಾಯಿ ಕರ್ನಾಟಕದಲ್ಲಿ 2007ರ ಜುಲೈ 1ರಿಂದ ನಿಷಿದ್ಧವಾಯಿತು. ಆದರೆ ಮದ್ಯವು ಊರು ಬಿಡಲಿಲ್ಲ; ಗಾಜಿನ ಬಾಗಿಲು, ತಂಪು ಗಾಳಿ, ಇಂಪಾದ ಸಂಗೀತವುಳ್ಳ ಸ್ಥಳಗಳಿಗೆ ವಾಸ ಬದಲಿಸಿತು. ಇಂದು ಅದನ್ನು ನಮ್ಮ ಹುಡುಗನ ಕೈಗೆ ಕೊಡುವವನು ಪೋಲಿ ಗೆಳೆಯನಲ್ಲ, ಕಚೇರಿಯ ಮೇಲಧಿಕಾರಿ. ಕೆಲಸವೊಂದು ಮುಗಿದರೆ ಪಾರ್ಟಿ, ಒಬ್ಬರು ಬಿಟ್ಟುಹೋದರೆ ಪಾರ್ಟಿ, ಒಬ್ಬರು ಹೊಸದಾಗಿ ಸೇರಿದರೂ ಪಾರ್ಟಿ. ಬೇಡವೆಂದವನು ಒಬ್ಬಂಟಿ.

2019ರಲ್ಲಿ ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ಸಂಸ್ಥೆಯವರು ಪ್ರಕಟಿಸಿದ ಸಮೀಕ್ಷೆಯಂತೆ, 10ರಿಂದ 75 ವಯಸ್ಸಿನ ಭಾರತೀಯರಲ್ಲಿ ನೂರಕ್ಕೆ 14.6 ಮಂದಿ, ಅಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುವವರು. ಇನ್ನೊಂದು ದೃಷ್ಟಿಯಿಂದ, ಸೇವಿಸದವರೇ ಬಹುಪಾಲು. "ಈಗ ಎಲ್ಲರೂ ಕುಡಿಯುತ್ತಾರೆ" ಎಂಬ ಮಾತು ಆ ಪಾರ್ಟಿಯ ಮೇಜಿನ ಸುತ್ತ ಮಾತ್ರ ಸತ್ಯ. ನಡುವೆ ಒಂದು ಮಾತು: ಹೆಣ್ಣುಮಕ್ಕಳೂ ಕುಡಿಯಲಾರಂಭಿಸಿದರಲ್ಲಾ ಎಂದು ಹಲವರು ನನ್ನಲ್ಲಿ ಹಲುಬುತ್ತಾರೆ. ಮಗನ ವಿಷಯದಲ್ಲಿ ಕಣ್ಣು ಮುಚ್ಚಿ ಮಗಳ ವಿಷಯದಲ್ಲಿ ಮಾತ್ರ ಎದೆ ಬಡಿದುಕೊಳ್ಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಸ್ಮೃತಿಕಾರರು ಪಾತಕವನ್ನು ಹೇಳುವಾಗ ಗಂಡಿಗೆ ವಿನಾಯಿತಿ ಕೊಟ್ಟಿಲ್ಲ.

ತರುಣರು ಒಂದು ವಾದವನ್ನು ಮುಂದಿಡುತ್ತಾರೆ: "ನಾವು ಕುಡಿಯುವುದು ಬರಿಯ ಬಿಯರ್, ಶಾಸ್ತ್ರ ಹೇಳುವ ಸುರೆ ಬೇರೆ." ಹಾಗಿದ್ದರೆ ಮನುವಿನ ವಿಂಗಡಣೆಯನ್ನೇ ನೋಡೋಣ. ಬೆಲ್ಲದ ಮೂಲದ್ದು ಗೌಡೀ, ಹಿಟ್ಟು ಧಾನ್ಯಗಳಿಂದಾದುದು ಪೈಷ್ಟೀ, ಜೇನು ಅಥವಾ ಇಪ್ಪೆಹೂವಿನದು ಮಾಧ್ವೀ. ಮೂರೂ ಸಮಾನವಾಗಿ ನಿಷಿದ್ಧ. ಬಿಯರ್ ಆಗುವುದು ಮೊಳೆಯಿಸಿದ ಬಾರ್ಲಿಯಿಂದ. ಆದುದರಿಂದ ಅದು ಪೈಷ್ಟೀ. ನಮ್ಮ ದೇಶದಲ್ಲಿ ವಿಸ್ಕಿಯೆಂದು ಮಾರುವುದರ ದೊಡ್ಡ ಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಮದ್ಯಸಾರ. ಚೀಟಿಯ ಮೇಲೆ ಯಾವ ಹೆಸರಿದ್ದರೂ ಅದು ಗೌಡೀ. ಮಾಧ್ವರ ಮನೆಗೆ ಮಾಧ್ವೀ ಏಕೆ ಬರಬೇಕು ಎಂದು ನಮ್ಮ ಹಿರಿಯರೊಬ್ಬರು ನಗೆಯಾಡುತ್ತಿದ್ದರು.

ಬಲದ ಲೆಕ್ಕವೂ ಹಾಗೆಯೇ. 650 ಮಿಲಿಲೀಟರಿನ 'ಸ್ಟ್ರಾಂಗ್' ಬಿಯರ್ ಬಾಟಲಿಯಲ್ಲಿ ನೂರಕ್ಕೆ 8ರಷ್ಟು ಮದ್ಯಸಾರವಿದ್ದರೆ, ಅದರ ತೂಕ ಸುಮಾರು 41 ಗ್ರಾಂ. 30 ಮಿಲಿಲೀಟರ್ ವಿಸ್ಕಿಯಲ್ಲಿರುವುದು ಸುಮಾರು 10 ಗ್ರಾಂ. "ಒಂದೇ ಒಂದು ಬಿಯರ್" ಎಂದವನು ನಾಲ್ಕು ಪೆಗ್ ಕುಡಿದಂತಾಯಿತು. ಯಕೃತ್ತು ಗಂಟೆಗೆ ಸುಮಾರು ಒಂದು ಪೆಗ್ಗಿನಷ್ಟನ್ನು ಮಾತ್ರ ಕರಗಿಸಬಲ್ಲುದು. ರಾತ್ರಿ ಹನ್ನೆರಡಕ್ಕೆ ಬಾಟಲಿ ಮುಗಿಸಿದವನು ಅರುಣೋದಯ ಕಾಲದಲ್ಲಿ ಇನ್ನೂ ಮದ್ಯದೊಡನೆಯೇ ಮಲಗಿರುತ್ತಾನೆ.

ಈಗ ಆದಿಪರ್ವದ ಕಚನ ಕಥೆಗೆ ಬರೋಣ. ಮೃತಸಂಜೀವಿನೀ ವಿದ್ಯೆಗಾಗಿ ಬೃಹಸ್ಪತಿಯ ಮಗ ಕಚನು ಶುಕ್ರಾಚಾರ್ಯರಲ್ಲಿ ಶಿಷ್ಯನಾಗಿ ಸೇರಿದನು. ಅಸುರರು ಅವನನ್ನು ಎರಡು ಬಾರಿ ಕೊಂದರು. ಎರಡು ಬಾರಿಯೂ ಗುರುಗಳು ಬದುಕಿಸಿದರು. ಮೂರನೆಯ ಬಾರಿ ಅವನನ್ನು ಸುಟ್ಟು, ಆ ಬೂದಿಯನ್ನು ಮದ್ಯದಲ್ಲಿ ಕಲಸಿ ಗುರುಗಳಿಗೇ ಕುಡಿಯಲು ಕೊಟ್ಟರು. ಗುರುಗಳು ಕುಡಿದರು. ದೇವಯಾನಿ ಅತ್ತು ಗೋಗರೆದಾಗ ಕಚನನ್ನು ಕರೆದರೆ, ಅವನು ಓಗೊಟ್ಟುದು ಗುರುಗಳ ಉದರದೊಳಗಿಂದ!

ಸತ್ತವರನ್ನು ಬದುಕಿಸಬಲ್ಲ ವಿದ್ಯೆಯುಳ್ಳ ಮಹಾತ್ಮನಿಗೆ ತನ್ನ ಕೈಯ ಪಾತ್ರೆಯಲ್ಲಿ ಏನಿದೆಯೆಂಬುದು ತಿಳಿಯಲಿಲ್ಲ. ಕುಡಿದವನು ಮೂರ್ಖನಾಗಿರಲಿಲ್ಲ, ದುಷ್ಟನೂ ಆಗಿರಲಿಲ್ಲ. ತನ್ನವರೇ ಕೊಟ್ಟದ್ದನ್ನು ನಂಬಿ ತೆಗೆದುಕೊಂಡನು. ಕರಗಿಹೋದದ್ದು ಅವನಿಗೆ ಪ್ರಿಯನಾದ ಶಿಷ್ಯ. ವಿದ್ಯಾವಂತರಾದ ನಮ್ಮ ಮಕ್ಕಳ ವಿಷಯ ಹೇಳುವಾಗ ಈ ಕಥೆ ನನ್ನ ಕಣ್ಣ ಮುಂದೆ ನಿಲ್ಲುತ್ತದೆ. ಸಾವಿರಾರು ಸಾಲುಗಳ ಲೆಕ್ಕವನ್ನು ಬಿಡಿಸಬಲ್ಲ ಬುದ್ಧಿ ಅವರದು. ಆದರೆ ಆ ಗ್ಲಾಸಿನಲ್ಲಿ ಯಾರ ಬೂದಿ ಬೆರೆತಿದೆ? ಮುಂಜಾನೆಯ ಸಂಧ್ಯಾವಂದನೆಯದೋ, ತಂದೆಯೊಡನೆ ಕೂತು ಮಾತನಾಡುತ್ತಿದ್ದ ಸಲಿಗೆಯದೋ, ತಾಯಿಗೆ ಮೊದಲ ಬಾರಿ ಹೇಳಿದ ಸುಳ್ಳಿನಲ್ಲಿ ಸುಟ್ಟುಹೋದ ನಂಬಿಕೆಯದೋ?

ಇನ್ನೊಂದು ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮದ್ಯ ಮುಟ್ಟಿದ ಬ್ರಾಹ್ಮಣನಿಗೆ ಬ್ರಹ್ಮಹತ್ಯೆಯ ದೋಷವೆಂಬ ಮರ್ಯಾದೆಯನ್ನು ಆ ಸಂದರ್ಭದಲ್ಲಿ ವಿಧಿಸಿದವರು ಯಾರು? ಕುಡಿಯದವರಲ್ಲ. ಕುಡಿದು, ಪಶ್ಚಾತ್ತಾಪದಿಂದ ಎದ್ದು ನಿಂತ ಶುಕ್ರಾಚಾರ್ಯರೇ. ಅಂದು ಕಂಬದ ಬಳಿ ನಿಂತ ಹುಡುಗನಿಗೆ ಕಥೆಯ ಈ ಭಾಗವನ್ನು ನಾನು ಹೇಳಬಹುದಾಗಿತ್ತು.

ಮೌಸಲಪರ್ವದಲ್ಲಿಯೂ ಒಂದು ಸೂಕ್ಷ್ಮವಿದೆ. ದ್ವಾರಕೆಯಲ್ಲಿ ಮದ್ಯ ತಯಾರಿಸಿದವನನ್ನು ಬಂಧುಗಳೊಡನೆ ಶೂಲಕ್ಕೇರಿಸುವುದಾಗಿ ಡಂಗುರ ಸಾರಿದ್ದರು. ಊರಿನಲ್ಲಿ ಎಲ್ಲರೂ ಅದಕ್ಕೆ ತಲೆಬಾಗಿದರು. ಪ್ರಭಾಸಕ್ಷೇತ್ರಕ್ಕೆ ಹೊರಟಾಗ ಮಾತ್ರ ಮದ್ಯವೂ ಬಂಡಿಯೇರಿತು. ಊರು ಬಿಟ್ಟೊಡನೆ ನಿಷೇಧವೂ ಬಿಟ್ಟುಹೋಯಿತು! ಅಲ್ಲಿ ಸಾತ್ಯಕಿ, ಕೃತವರ್ಮರು ಕುಡಿದ ಮತ್ತಿನಲ್ಲಿ 36 ವರ್ಷ ಹಳೆಯ ಯುದ್ಧದ ಗಾಯಗಳನ್ನು ಕೆದಕಿಕೊಂಡರು. ಮನೆಯಲ್ಲಿ ಏಕಾದಶಿ, ಗೋವೆಗೆ ಹೋದಾಗ ಬೇರೆ ಎಂಬ ವ್ಯವಸ್ಥೆ ಹೊಸದೇನಲ್ಲ.

ಇದೀಗ ಒಂದು ವಿಚಿತ್ರ ಸಂಗತಿ. ಆಧುನಿಕರೆನ್ನಿಸಿಕೊಳ್ಳಲು ನಮ್ಮ ತರುಣರು ಯಾರನ್ನು ಅನುಕರಿಸುತ್ತಿದ್ದಾರೋ, ಆ ದೇಶಗಳ ತರುಣರೇ ಮದ್ಯದಿಂದ ಹಿಂಜರಿಯುತ್ತಿದ್ದಾರೆ. ಅಮೆರಿಕೆಯ ಗ್ಯಾಲಪ್ ಸಮೀಕ್ಷೆಯಲ್ಲಿ, 18ರಿಂದ 34 ವಯಸ್ಸಿನವರಲ್ಲಿ ತಾವು ಕುಡಿಯುವುದುಂಟೆಂದವರು 2023ರಲ್ಲಿ ನೂರಕ್ಕೆ 59, 2025ರಲ್ಲಿ 50. ಇಂಗ್ಲೆಂಡಿನಲ್ಲಿ 2013ರಿಂದ ಜನವರಿ ತಿಂಗಳಿಡೀ ಮದ್ಯ ಬಿಡುವ 'ಡ್ರೈ ಜನವರಿ' ಎಂಬ ವ್ರತ ಹುಟ್ಟಿಕೊಂಡಿದೆ. ಶಾಕ, ದಧಿ, ಕ್ಷೀರ, ದ್ವಿದಲ ಎಂದು ನಾಲ್ಕು ತಿಂಗಳು ನಾಲಗೆಯನ್ನು ಕಟ್ಟುವವರಿಗೆ ಇದು ಸಣ್ಣ ವ್ರತವೆನಿಸೀತು. ಆದರೂ ಕೀಳಾಗಿ ಕಾಣಬಾರದು.

ಕಾರಣವೂ ಇದೆ. ಮದ್ಯವು ಅರ್ಬುದರೋಗಕಾರಕವೆಂದು ಆ ವಿಷಯದ ಅಂತರರಾಷ್ಟ್ರೀಯ ಸಂಸ್ಥೆ 1988ರಲ್ಲೇ ನಿರ್ಣಯಿಸಿತ್ತು. ಆರೋಗ್ಯಕ್ಕೆ ನಿರಪಾಯವಾದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಬಾಯಿ, ಗಂಟಲು, ಯಕೃತ್ತು, ಸ್ತನ ಮೊದಲಾದ ಕನಿಷ್ಠ ಏಳು ಬಗೆಯ ಕ್ಯಾನ್ಸರಿಗೆ ಮದ್ಯ ಕಾರಣವೆಂದು 2025ರ ಜನವರಿಯಲ್ಲಿ ಅಮೆರಿಕೆಯ ಜನತೆಯನ್ನು ಎಚ್ಚರಿಸಿದವರು ಆಗಿನ ಸರ್ಜನ್ ಜನರಲ್ ವಿವೇಕ್ ಮೂರ್ತಿ; ಅವರ ಪೂರ್ವಿಕರ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ. ಅಮೆರಿಕೆಯವರು ಬಿಟ್ಟರೆಂದು ನಾವು ಬಿಡಬೇಕಾಗಿಲ್ಲ. ಅವರು ಹಿಡಿದರೆಂದು ಹಿಡಿಯಬೇಕಾಗಿಯೂ ಇರಲಿಲ್ಲ.

ನಮ್ಮ ನಗರಗಳಲ್ಲಿಯೂ ಇತ್ತೀಚೆಗೆ ತರುಣರು ಮದ್ಯವಿಲ್ಲದೆ ಕೂಡಿ, ಗಿಟಾರು ತಬಲಾಗಳೊಡನೆ ಭಜನೆ ಹಾಡುತ್ತಿದ್ದಾರೆ. 'ಭಜನ್ ಕ್ಲಬ್ಬಿಂಗ್' ಎಂಬ ಆ ಹೆಸರು ನನಗೆ ರುಚಿಸದು. ಆದರೆ ಗೆಜ್ಜೆ ಕಟ್ಟಿ ಬೀದಿಯಲ್ಲಿ ಹಾಡಿದ ದಾಸರನ್ನು ಕಂಡು ಅಂದಿನ ಪಂಡಿತರೂ ಮೂಗು ಮುರಿದಿದ್ದಿರಬೇಕು, ಆದಕಾರಣ ಸುಮ್ಮನಿದ್ದೇನೆ.

"ಇದು ನನ್ನ ಸ್ವಾತಂತ್ರ್ಯ" ಎನ್ನುವವರಿಗೆ ತತ್ತ್ವವಾದದ ಉತ್ತರ ಸ್ಪಷ್ಟ. ಸ್ವತಂತ್ರನು ಶ್ರೀಹರಿಯೊಬ್ಬನೇ. ಜೀವನಿಗೆ ಅವನು ಕೊಟ್ಟ ಕರ್ತೃತ್ವವುಂಟು; ಅದರಿಂದಲೇ ವಿಧಿನಿಷೇಧಗಳಿಗೆ ಅರ್ಥ ಬಂದಿದೆ. ಮದ್ಯವು ಮೊದಲು ಕಸಿಯುವುದು ಆ ದತ್ತವಾದ ಕರ್ತೃತ್ವವನ್ನೇ. ಬೆಳಗ್ಗೆ ಕೈ ನಡುಗುವವನಿಗೆ, ಬಿಡುವೆನೆಂದರೂ ಬಿಡಲಾಗದವನಿಗೆ, ಅದು ಈಗಾಗಲೇ ವ್ಯಾಧಿ. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕಿ ದೇವರ ಮುಂದೆ ಆಣೆ ಮಾಡಿಸಬೇಡಿರಿ. ಬಹುಕಾಲ ಮಿತಿಮೀರಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ವೈದ್ಯರ ಬಳಿಗೆ ಕರೆದೊಯ್ಯುವುದರಲ್ಲಿ ಮನೆತನದ ಮಾನ ಹೋಗುವುದಿಲ್ಲ.

ಇನ್ನು ಆ ಹುಡುಗನ ಪ್ರಶ್ನೆ. ಸಂಧ್ಯಾವಂದನೆ ನಿತ್ಯಕರ್ಮ, ಬಿಟ್ಟರೆ ಪ್ರತ್ಯವಾಯ. ಕುಡಿದುದು ಒಂದು ದೋಷ. ಅದಕ್ಕಾಗಿ ಸಂಧ್ಯೆಯನ್ನು ಬಿಟ್ಟುದು ಎರಡನೆಯದು. ಮೊದಲನೆಯದಕ್ಕೆ ಪ್ರಾಯಶ್ಚಿತ್ತವೇನೆಂಬುದನ್ನು ನಾನು ನಿರ್ಣಯಿಸಲಾರೆ. ಗುರುಗಳ ಸನ್ನಿಧಿಯಲ್ಲಿ ನಿವೇದಿಸಿ ಅವರು ವಿಧಿಸಿದಂತೆ ನಡೆಯತಕ್ಕದ್ದು. ಭಾಗವತದ ಅಜಾಮಿಳನ ಪತನ ಆರಂಭವಾದುದೂ ಮದ್ಯದ ಮತ್ತಿನ ಒಂದು ದೃಶ್ಯವನ್ನು ಕಂಡುದರಿಂದಲೇ. ತಂದೆಗೆ ಸಮಿತ್ತು, ಹೂವು ತರಲು ಹೋದ ಸದಾಚಾರದ ಹುಡುಗ ಅವನು. ಕೊನೆಗೆ ನಾರಾಯಣನಾಮದಿಂದ ಪಾರಾದನೆಂಬಲ್ಲಿಗೆ ನಾವು ಕಥೆ ಮುಗಿಸಿಬಿಡುತ್ತೇವೆ. ಭಾಗವತ ಅಲ್ಲಿಗೆ ಮುಗಿಸುವುದಿಲ್ಲ. ಅವನು ಮನೆ ಬಿಟ್ಟು ಗಂಗಾದ್ವಾರಕ್ಕೆ ಹೋಗಿ ಸಾಧನೆಗೆ ಕುಳಿತನು. ನಾಮವು ಅವನಿಗೆ ರಜೆ ಕೊಡಲಿಲ್ಲ, ಕೆಲಸ ಕೊಟ್ಟಿತು.

ಆ ತಾಯಿಯ ಕೈಯಲ್ಲಿ ಇಷ್ಟನ್ನೇ ಹೇಳಿ ಕಳುಹಿಸಿದ್ದೆನು: ಆಚಮನದಲ್ಲಿ ಕುಡಿಯುವುದು ಉದ್ದಿನ ಕಾಳು ಮುಳುಗುವಷ್ಟು ನೀರು; ಅದರ ಎರಡನೆಯ ನಾಮವೇ ನಾರಾಯಣ; ನಾಳೆ ಬೆಳಗ್ಗೆ ಅಷ್ಟರಿಂದ ತೊಡಗಲಿ. ಜೊತೆಗೆ, ನಾನು ಕ್ಷಮೆ ಕೇಳಿದೆನೆಂದೂ ತಿಳಿಸಲು ಹೇಳಿದೆನು.

ಕಳೆದ ದ್ವಾದಶಿಯ ಬೆಳಗ್ಗೆ ಪಾರಣೆಗೆ ಮುಂಚೆ ತೀರ್ಥದ ಸಾಲಿನಲ್ಲಿ ಅವನು ನಿಂತಿದ್ದನು. ಹಿಂದಿನ ದಿನ ನಿರ್ಜಲ ಉಪವಾಸ ಮಾಡಿದ್ದನಂತೆ, ತುಟಿ ಒಣಗಿತ್ತು. ಅರ್ಚಕರು ಮೂರು ಬಾರಿ ತೀರ್ಥ ಕೊಟ್ಟರು. ಅಂಗೈ ಸ್ವಲ್ಪ ನಡುಗುತ್ತಿದ್ದುದನ್ನು ಕಂಡೆನು. ಹೊರಗೆ ಬಂದು ನಮಸ್ಕರಿಸಿ, "ಶುಕ್ರವಾರ ಮತ್ತೆ ಆಫೀಸಿನ ಪಾರ್ಟಿ ಇದೆ, ಆಚಾರ್ಯರೇ. ಹೋಗಲೇಬೇಕು. ನಿಂಬೆಹಣ್ಣಿನ ಶರಬತ್ತು ಕೇಳುತ್ತೇನೆ," ಎಂದನು. "ನಗುತ್ತಾರೇನೋ," ಎಂದೆನು. "ನಗಲಿ," ಎಂದು ಹೇಳಿ ಊಟದ ಪಂಕ್ತಿಯಲ್ಲಿ ಎಲೆ ಹಾಕಲು ಹೋದನು.

॥ ಶ್ರೀಕೃಷ್ಣಾರ್ಪಣಮಸ್ತು ॥